ದಂಡಿನ ಟ್ರಂಕು: ಸಾಹೇಬರ ಚೀಟಿಗಳಿಂದ ಮುತ್ತಜ್ಜಿಯ ಮನೆಪತ್ರದವರೆಗೆ

ಬೆಂಗಳೂರು ದಂಡಿನ (ಬ್ರಿಟಿಷರ ಕಂಟೋನ್ಮೆಂಟಿನ) ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಕತೆ ಇರುತ್ತದೆ: ನಮ್ಮ ಮುತ್ತಾತ ಹರೆಯದಲ್ಲಿ ಇಲ್ಲಿ ಸೈನ್ಯಾಧಿಕಾರಿಯಾಗಿದ್ದ ಚರ್ಚಿಲ್‌ಗೆ ಅಡುಗೆ ಮಾಡಿ ಹಾಕಿದ್ದರು. ನಮ್ಮ ಮನೆಯಲ್ಲೂ ಇದೆ. ಹೇಳಿಕೊಳ್ಳುವ ಎಲ್ಲ ಮುತ್ತಾತಂದಿರ ಲೆಕ್ಕ ಹಿಡಿದರೆ ಆ ಮನುಷ್ಯ ಪೋಲೋ ಆಡೋಕೆ ಕುದುರೆ ಹತ್ತೋದೇ ಕಷ್ಟವಿತ್ತು. ಈ ಕತೆ ಎಷ್ಟು ನಿಜ ಅಂತ ನೋಡೋಣ ಅಂದುಕೊಂಡು ಶುರು ಮಾಡಿದ ಕೆಲಸ ಬೇರೆ ಕಡೆಗೇ ಹೋಯಿತು. ಇದು ಆ ಕೆಲಸದ ದಾಖಲೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕು ಇದ್ದರೆ ಉಪಯೋಗಕ್ಕೆ ಬರಬಹುದು.

ಟ್ರಂಕಿನಲ್ಲಿ ಇದ್ದದ್ದು

ದೊಡ್ಡಪ್ಪನ ಮನೆಯ ತಗಡಿನ ಟ್ರಂಕು. ಒಳಗೆ ಟ್ವೈನ್ ದಾರ ಕಟ್ಟಿದ ಒಂದು ಕಟ್ಟು, ಇಂಗ್ಲಿಷಿನಲ್ಲಿ ಬರೆದ ಚೀಟಿಗಳು. ಎಂಟು ಮಡಿಕೆ ಮಾಡಿದ ಒಂದು ಕ್ರಯಪತ್ರ. ಕೆಲವು ಮುನಿಸಿಪಾಲಿಟಿ ರಸೀದಿಗಳು. ರಟ್ಟಿಗೆ ಅಂಟಿಸಿದ ಒಂದು ಗ್ರೂಪ್ ಫೋಟೊ. ಗಾಜು ಒಡೆದ ಒಂದು ದೇವರ ಪಟ.

ಯಾವುದನ್ನೂ ಎತ್ತುವ ಮೊದಲು ಹಾಗೇ ಫೋಟೊ ತೆಗೆದೆ. ಯಾವ ಕಾಗದ ಯಾವುದರ ಜೊತೆ ಇತ್ತು ಅನ್ನೋದೂ ಸುಳಿವೇ. ಕಟ್ಟು ಬಿಚ್ಚಿ ಕಲಸಿಬಿಟ್ಟರೆ ಅದು ಹೋಯಿತು. ಆಮೇಲೆ ಪ್ರತಿ ಕಾಗದದ ಹಿಂದೆ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಒಂದು ನಂಬರು. ಬಾಲ್‌ಪೆನ್ ಬೇಡ, ಸ್ಟಿಕ್ಕರ್ ಬೇಡ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಎಳೆಯಬಾರದು. ಕಾಗದದ ಎರಡೂ ಕಡೆ ಪ್ಲಾಸ್ಟಿಕ್ ಚೂರು ತೂರಿಸಿ, ಪಿನ್ನನ್ನು ನಿಧಾನಕ್ಕೆ ಅಲ್ಲಾಡಿಸುತ್ತಾ ಬಿಡಿಸಿದೆ.

ಮಡಿಕೆ ಬಿಡಿಸಿದ್ದು

"ಲ್ಯಾಮಿನೇಷನ್ ಮಾಡಿಸಿಬಿಡು, ನೂರು ವರ್ಷ ಇರುತ್ತೆ" ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಅದೊಂದನ್ನು ಮಾತ್ರ ಮಾಡಿಸಬೇಡಿ. ಬಿಸಿಗೆ ಕಾಗದ ಬೇಯುತ್ತದೆ, ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಬರಲ್ಲ, ಕಾಗದದಲ್ಲಿರುವ ಆಮ್ಲ ಒಳಗೇ ಉಳಿದು ತಿನ್ನುತ್ತಾ ಹೋಗುತ್ತದೆ. ಸೆಲ್ಲೊಟೇಪೂ ಅಷ್ಟೇ. ಕೆಲವು ವರ್ಷಕ್ಕೆ ಟೇಪು ಉದುರುತ್ತದೆ, ಕಂದು ಕಲೆ ಉಳಿಯುತ್ತದೆ.

ಕ್ರಯಪತ್ರ ಮುಟ್ಟಿದರೆ ಮಡಿಕೆಯಲ್ಲೇ ಮುರಿಯುವ ಹಾಗಿತ್ತು. ಒಣಗಿದ ಕಾಗದಕ್ಕೆ ಸ್ವಲ್ಪ ತೇವ ಕೊಟ್ಟರೆ ಮೆತ್ತಗಾಗುತ್ತದೆ. ಮುಚ್ಚಳ ಇರುವ ಅಗಲವಾದ ಪ್ಲಾಸ್ಟಿಕ್ ಡಬ್ಬ ತಗೊಂಡೆ. ತಳದಲ್ಲಿ ಒದ್ದೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಎತ್ತರಕ್ಕೆ ಒಂದು ಜಾಲರಿ, ಜಾಲರಿಯ ಮೇಲೆ ಪತ್ರ. ನೀರು ಪತ್ರಕ್ಕೆ ತಾಗಬಾರದು, ಹಬೆಯಂತೆ ತೇವ ಮಾತ್ರ ತಾಗಬೇಕು. ಆಗಾಗ ತೆಗೆದು ನೋಡುತ್ತಾ ಇದ್ದೆ. ಮಡಿಕೆ ತಾನಾಗಿಯೇ ಸಡಿಲವಾದಾಗ ಹೊರಗೆ ತೆಗೆದು, ಒಣ ಬ್ಲಾಟಿಂಗ್ ಪೇಪರ್‌ಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದೆ. ರಾತ್ರಿಯಿಡೀ ಡಬ್ಬದಲ್ಲಿ ಬಿಟ್ಟರೆ ಬೂಷ್ಟು ಬರುತ್ತದೆ.

ಇದಕ್ಕೂ ಮೊದಲು ಶಾಯಿ ಪರೀಕ್ಷೆ ಮಾಡಲೇಬೇಕು. ಬ್ಲಾಟಿಂಗ್ ಪೇಪರಿನ ಚೂಪು ತುದಿ ಒದ್ದೆ ಮಾಡಿ, ಯಾವುದೋ ಅಕ್ಷರದ ಬಾಲಕ್ಕೆ ಒಂದು ಕ್ಷಣ ತಾಗಿಸಬೇಕು. ಕ್ರಯಪತ್ರದ ಕಪ್ಪು ಶಾಯಿ ಬಿಡಲಿಲ್ಲ. ಚೀಟಿಗಳಲ್ಲಿ ಎರಡು ಮೂರು ಮಾತ್ರ ಥಟ್ಟನೆ ನೇರಳೆಯಾದವು. ಅವು ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದವು. ಒಣಗಿದ್ದಾಗ ಸೀಸದ ಕಡ್ಡಿಯ ಬೂದು ಬಣ್ಣ, ನೀರು ಸೋಕಿದರೆ ನೇರಳೆ. ಅಂಥವನ್ನು ಡಬ್ಬಕ್ಕೆ ಹಾಕಬಾರದು. ಬರೀ ತೂಕ ಹೇರಿ ಚಪ್ಪಟೆ ಮಾಡಿದೆ.

ಹರಿದ ಕಡೆಗೆ ತೆಳ್ಳಗಿನ ಜಪಾನೀ ಟಿಶ್ಯೂ ಕಾಗದ ಮತ್ತು ಮೀಥೈಲ್ ಸೆಲ್ಯುಲೋಸ್ ಅಂಟು. ಮೈದಾ ಅಂಟು ಹಾಕಿದರೆ ಜಿರಲೆಗೂ ಕಾಗದ ತಿನ್ನುವ ಹುಳಕ್ಕೂ ಊಟ ಬಡಿಸಿದ ಹಾಗೆ. ಕೊನೆಗೆ ಎಲ್ಲವನ್ನೂ ಪಾಲಿಯೆಸ್ಟರ್ ಕವರಿಗೆ ಹಾಕಿದೆ. ಅಂಗಡಿಯಲ್ಲಿ ಸಿಗುವ, ವಾಸನೆ ಬರುವ ಪಿವಿಸಿ ಕವರು ಬೇಡ.

ಫೋಟೊ ತೆಗೆಯೋಕೆ ಮೊಬೈಲು ಸಾಕು. ಕಿಟಕಿಯ ಬೆಳಕು, ಫ್ಲ್ಯಾಷ್ ಬೇಡ, ಪಕ್ಕದಲ್ಲಿ ಒಂದು ಸ್ಕೇಲು. ಜೊತೆಗೆ ಇನ್ನೊಂದು ಫೋಟೊ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕಾಗದದ ಮಟ್ಟಕ್ಕೇ ಹಿಡಿದು ಅಡ್ಡ ಬೆಳಕಿನಲ್ಲಿ. ಒತ್ತಿದ ಮುದ್ರೆ, ಅಳಿಸಿಹೋದ ಪೆನ್ಸಿಲ್ ಗೆರೆ ಎಲ್ಲಾ ಆಗ ಎದ್ದು ಕಾಣುತ್ತವೆ.

ಚೀಟಿಗಳ ಲೆಕ್ಕಾಚಾರ

ದಂಡಿನಲ್ಲಿ ಬಟ್ಲರ್, ಅಡುಗೆಯವ, ಸಾಯಿಸ (ಕುದುರೆ ನೋಡಿಕೊಳ್ಳುವವ), ಆಯಾ ಯಾರೇ ಕೆಲಸ ಬಿಟ್ಟರೂ ಸಾಹೇಬರ ಕೈಯಲ್ಲಿ ಒಂದು ಚೀಟಿ ಬರೆಸಿಕೊಳ್ಳುತ್ತಿದ್ದರು. ಮುಂದಿನ ಬಂಗಲೆಯಲ್ಲಿ ಕೆಲಸ ಸಿಗೋದು ಅದರ ಮೇಲೇ. ನಮ್ಮ ಕಟ್ಟಿನಲ್ಲಿರುವ ಚೀಟಿಗಳೂ ಅಂಥವೇ. ಆಳು ಪ್ರಾಮಾಣಿಕ, ಕುಡಿಯಲ್ಲ, ಚೊಕ್ಕಟ, ಕೋಳಿ ಚೆನ್ನಾಗಿ ಮಾಡುತ್ತಾನೆ, ರೆಜಿಮೆಂಟು ಹೊರಟಿದ್ದರಿಂದ ಬಿಡಿಸಿದ್ದೇವೆ, ಅಷ್ಟೇ. ಕೆಳಗೆ ರುಜು, ಹುದ್ದೆ, ಬೆಂಗಳೂರು, ತಾರೀಕು.

ಕುಟುಂಬದ ಇತಿಹಾಸ ಹುಡುಕುವವರಿಗೆ ಇದು ಚಿನ್ನ. ಆದರೆ ಒರೆಗೆ ಹಚ್ಚದೆ ನಂಬುವ ಚಿನ್ನ ಅಲ್ಲ. ಆ ಕಾಲದಲ್ಲಿ ಚೀಟಿಗಳನ್ನು ಎರವಲು ಕೊಡುತ್ತಿದ್ದರು, ಮಾರುತ್ತಿದ್ದರು, ಅಪ್ಪನ ಚೀಟಿ ಮಗ ತೋರಿಸುತ್ತಿದ್ದ. ಸಾಹೇಬರೂ ಹೆಸರನ್ನು ಬಾಯಿಗೆ ಬಂದಂತೆ ಬರೆಯುತ್ತಿದ್ದರು. ನಮ್ಮ ಮುತ್ತಾತನ ಹೆಸರು 'ಮುನಿ'ಯಿಂದ ಶುರುವಾಗುತ್ತದೆ. ಒಬ್ಬರು ಅದಕ್ಕೆ ಯು ಹಾಕಿದ್ದಾರೆ, ಇನ್ನೊಬ್ಬರು ಎರಡು ಓ. ಮತ್ತೊಬ್ಬರು 'ಸ್ವಾಮಿ' ಬರುವ ಕಡೆ ಗರಗಸ ಅನ್ನುವ ಇಂಗ್ಲಿಷ್ ಪದವನ್ನೇ ಬರೆದು ಮುಂದೆ ಮಿ ಸೇರಿಸಿದ್ದಾರೆ. ಈ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಟ್ಟುಕೊಂಡೆ. ಯಾವ ಸೂಚಿ ನೋಡುವಾಗಲೂ ಆ ಹಾಳೆ ಪಕ್ಕದಲ್ಲಿರಬೇಕು.

ಬರೆದ ಅಧಿಕಾರಿ ನಿಜವಾಗಿ ಇದ್ದನೇ ಅಂತ ನೋಡೋಕೆ ಬ್ರಿಟಿಷ್ ಸೈನ್ಯಾಧಿಕಾರಿಗಳ ಅಚ್ಚಾದ ಪಟ್ಟಿ, ಹಾರ್ಟ್ಸ್ ಆರ್ಮಿ ಲಿಸ್ಟ್, ಇದೆ. 1915ರವರೆಗಿನ ಸಂಪುಟಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಹೆಸರು, ಹುದ್ದೆ, ರೆಜಿಮೆಂಟು ಮೂರೂ ಹೊಂದಬೇಕು. ಗ್ರೂಪ್ ಫೋಟೊಗೂ ಇಂಥದ್ದೇ ಒಂದು ಕೀಲಿ ಸಿಕ್ಕಿತು. ಮುಂದೆ ಇಟ್ಟ ಹಲಗೆಯಲ್ಲಿ 75 ಅಂತ ಓದಬಹುದು. 1903ರಲ್ಲಿ ಸೇನಾಧಿಪತಿ ಕಿಚನರ್ ಭಾರತೀಯ ಸೈನ್ಯಕ್ಕೆಲ್ಲಾ ಹೊಸ ನಂಬರು ಕೊಟ್ಟಾಗ ಮದ್ರಾಸಿನ ಪದಾತಿ ದಳಗಳ ಹಳೇ ನಂಬರಿಗೆ 60 ಕೂಡಿಸಿದರು. 15ನೇ ದಳ 75 ಆಯಿತು. ಹಾಗಾಗಿ ಫೋಟೊ 1903ಕ್ಕಿಂತ ಮೊದಲಿನದಲ್ಲ. 1922ರಲ್ಲಿ ಮತ್ತೆ ಎಲ್ಲಾ ಬದಲಾಯಿತು, ಆದ್ದರಿಂದ ಅದಕ್ಕಿಂತ ಈಚಿನದೂ ಅಲ್ಲ.

ಇನ್ನು ಚರ್ಚಿಲ್. ಅವನು 4ನೇ ಹುಸಾರ್ಸ್ ಅನ್ನುವ ಕುದುರೆ ಪಡೆಯ ಜೊತೆ ಬೆಂಗಳೂರಿಗೆ ಬಂದದ್ದು 1896ರ ಅಕ್ಟೋಬರಿನಲ್ಲಿ, ಭಾರತ ಬಿಟ್ಟು ಹೋದದ್ದು 1899ರಲ್ಲಿ. (ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದದ್ದು ಅಲ್ಲಿನ ಲೆಡ್ಜರಿನಲ್ಲೇ ಇದೆ. ನಮ್ಮವರಿಗೂ ಬಾಕಿ ಇಟ್ಟಿದ್ದನೇ ಅಂತ ಅತ್ತೆ ಕೇಳಿದರು.) ಹಾಗಾದರೆ ಮುತ್ತಾತನಿಗೆ ಆಗ ಎಷ್ಟು ವಯಸ್ಸು?

ಉತ್ತರ ದೇವರ ಪಟದ ಹಿಂದೆ ಇತ್ತು. ಒಡೆದ ಗಾಜು ತೆಗೆದು, ಹಿಂದಿನ ರಟ್ಟು ಬಿಡಿಸಿದಾಗ ಒಂದು ಚಿಕ್ಕ ಚೀಟಿ. ಕನ್ನಡದಲ್ಲಿ ಮಕ್ಕಳ ಹುಟ್ಟಿದ ಸಂವತ್ಸರ, ಮಾಸ, ನಕ್ಷತ್ರ. ಮೊದಲ ಹೆಸರು ಮುತ್ತಾತನದು: ಸರ್ವಜಿತು ಸಂವತ್ಸರ, ಶ್ರಾವಣ ಮಾಸ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ, ಅಂದರೆ 1827, 1887 ಅಥವಾ 1947. ಮಗ ಹುಟ್ಟಿದ ವರ್ಷ ಗೊತ್ತಿದ್ದರಿಂದ 1887 ಅಂತ ಗಟ್ಟಿ ಮಾಡಿಕೊಳ್ಳುವುದು ಕಷ್ಟವಾಗಲಿಲ್ಲ. ಒಂದು ಎಚ್ಚರಿಕೆ: ಯುಗಾದಿಗೆ ಸಂವತ್ಸರ ಬದಲಾಗುವುದರಿಂದ ಮಾಘ, ಫಾಲ್ಗುಣದ ಜನನಗಳು ಸಾಮಾನ್ಯವಾಗಿ ಮುಂದಿನ ಇಸವಿಗೆ ಸೇರುತ್ತವೆ. ಶ್ರಾವಣಕ್ಕೆ ಆ ತೊಂದರೆ ಇಲ್ಲ.

ಚರ್ಚಿಲ್ ಬಂದಾಗ ನಮ್ಮ ಮುತ್ತಾತ ಒಂಬತ್ತು ವರ್ಷದ ಹುಡುಗ!

"ಪಾತ್ರೆ ತೊಳೆದಿರಬಹುದಲ್ವಾ?" ಅಂದರು ದೊಡ್ಡಪ್ಪ.

"ಇರಬಹುದು ದೊಡ್ಡಪ್ಪ. ಆದ್ರೆ ಚೀಟಿ ಶುರುವಾಗೋದೇ 1904ರಿಂದ."

ಒಂದು ಚೀಟಿ ಬಿಟ್ಟು. ಅದು 1898ರದು. ಬೇರೆ ಯಾರೋ ಅಧಿಕಾರಿ ಬರೆದದ್ದು, ಮೂರು ವರ್ಷ ತಮ್ಮ ಬಳಿ ಅಡುಗೆಯವನಾಗಿದ್ದ ಅಂತ. ಎಂಟನೇ ವಯಸ್ಸಿನಿಂದ ಅಡುಗೆಯವನಾಗಿರಲು ಸಾಧ್ಯವಿಲ್ಲ. ಹೆಸರಿನ ಕೊನೆಯೂ ಬೇರೆ. ಅವರ ಅಪ್ಪನ ಚೀಟಿಯೋ, ಕೊಂಡ ಚೀಟಿಯೋ, ಎರಡಕ್ಕೂ ದಾರಿ ಬಿಟ್ಟು ಪಟ್ಟಿಯಲ್ಲಿ ಬೇರೆ ಬಣ್ಣ ಹಾಕಿಟ್ಟಿದ್ದೇನೆ. ಆದರೆ ಚರ್ಚಿಲ್ ಕತೆ ಹುಟ್ಟಿದ್ದು ಈ ಒಂದು ಕಾಗದದಿಂದಲೇ ಅಂತ ನನ್ನ ಅನುಮಾನ. ಆ ವರ್ಷ, ಒಬ್ಬ ಸಾಹೇಬ, ಒಬ್ಬ ಅಡುಗೆಯವ. ಉಳಿದದ್ದನ್ನು ಮೂರು ತಲೆಮಾರು ಸೇರಿಸಿಕೊಂಡಿದೆ.

ಸೈನ್ಯದ ದಾರಿ ಯಾಕೆ ಮುಚ್ಚಿಹೋಗುತ್ತದೆ

ದಂಡಿನ ಕಾಗದಗಳು ಎಲ್ಲಿವೆ ಅಂತ ಹುಡುಕುವ ಮೊದಲು ದಂಡು ಯಾರದಾಗಿತ್ತು ಅಂತ ತಿಳಿದಿರಬೇಕು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಪಡೆಯನ್ನು ಹಲಸೂರಿನ ಪಕ್ಕಕ್ಕೆ ತಂದರು, ಅಲ್ಲಿನ ಜ್ವರ ತಾಳಲಾರದೆ. ಪೇಟೆ ಬೇರೆ, ದಂಡು ಬೇರೆ. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ವಾಪಸು ಕೊಟ್ಟರೂ ದಂಡನ್ನು ಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಇದ್ದಾಗ. ಎರಡೂ ಮುನಿಸಿಪಾಲಿಟಿಗಳು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಇದರ ಫಲ ಏನು ಅಂದರೆ, ಒಂದೇ ಬೀದಿಯ ಕಾಗದಗಳು ನಾಲ್ಕು ದಿಕ್ಕಿಗೆ ಹೋಗಿವೆ. ಪಡೆಗಳು ಮದ್ರಾಸ್ ಸೈನ್ಯಕ್ಕೆ ಸೇರಿದ್ದವು. ಆಂಗ್ಲಿಕನ್ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಾವಿನ ಪಟ್ಟಿಯ ಪ್ರತಿಗಳನ್ನು ಮದ್ರಾಸಿಗೆ ಕಳಿಸುತ್ತಿದ್ದರು, ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಸರಣಿಯ ಗುರುತು ಎನ್/2. ರೆಸಿಡೆಂಟರ ಕಡತಗಳು ದೆಹಲಿ, ಲಂಡನ್ ಎರಡೂ ಕಡೆ ಇವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದನ್ನು ಅದರ ಜಾಲತಾಣ ಅಭಿಲೇಖ್ ಪಟಲ್‌ನಲ್ಲಿ ಕೂತಲ್ಲೇ ಹುಡುಕಬಹುದು. ಸಂಸ್ಥಾನದ ಕಡೆಯ ಕಾಗದಗಳಿಗೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆ.

ನಿಮ್ಮವರು ಕ್ರಿಶ್ಚಿಯನ್ನರಾಗಿದ್ದರೆ ಚರ್ಚಿನ ದಾರಿ ಹಿಡಿಯಿರಿ. ಕ್ಯಾಥೊಲಿಕ್ಕರಾದರೆ ಹಳೇ ರಿಜಿಸ್ಟರು ಲ್ಯಾಟಿನ್‌ನಲ್ಲಿರುತ್ತದೆ, ಹತ್ತು ಹನ್ನೆರಡು ಪದ ಕಲಿತರೆ ಓದಬಹುದು. ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಮೊದಲ ಮಹಾಯುದ್ಧದಲ್ಲಿ ಸತ್ತವರಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿ ನೋಡಿ. ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಸತ್ತು ಸಮಾಧಿಯ ಗುರುತಿಲ್ಲದವರು ಬಸ್ರಾ ಸ್ಮಾರಕದ ಪಟ್ಟಿಯಲ್ಲಿದ್ದಾರೆ. ಮೈಸೂರು ಲ್ಯಾನ್ಸರ್ಸ್ ಮಾತ್ರ ದಂಡಿನ ಪಡೆ ಅಲ್ಲ, ಮಹಾರಾಜರ ಪಡೆ. 'ತಾತ ಮಿಲಿಟರಿಯಲ್ಲಿದ್ರು' ಅಂದರೆ ಯಾವ ಮಿಲಿಟರಿ ಅಂತ ಮೊದಲು ಕೇಳಿ.

ನಮ್ಮವರು ಇದ್ಯಾವುದೂ ಅಲ್ಲ. ಹಿಂದೂ ಕುಟುಂಬ, ಸಾಹೇಬರ ಸ್ವಂತ ಆಳು. ಸೈನ್ಯದ ಪಟ್ಟಿಯಲ್ಲಿ ಅವನ ಹೆಸರಿಗೆ ಜಾಗ ಇಲ್ಲ. ಜನಗಣತಿ? ವರದಿಗಳು ಉಳಿದಿವೆ, ಮನೆಮನೆಯ ಪಟ್ಟಿಯನ್ನು ಉಳಿಸಿಕೊಳ್ಳಲಿಲ್ಲ. ಇಲ್ಲಿಗೆ ಬಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ದಂಡಿನ ಬಡವರನ್ನು ಹುಡುಕಬೇಕಾದರೆ ಮನುಷ್ಯನನ್ನು ಬಿಟ್ಟು ಮನೆಯ ಹಿಂದೆ ಹೋಗಬೇಕು. ಆಳಿನ ಹೆಸರು ಸರ್ಕಾರಕ್ಕೆ ಬೇಕಿರಲಿಲ್ಲ. ಗೋಡೆಗೆ ತೆರಿಗೆ ಬೇಕಿತ್ತು.

ಕ್ರಯಪತ್ರ

1912ರದು. ಛಾಪಾ ಕಾಗದದ ತಲೆಯಲ್ಲಿ ಐದನೇ ಜಾರ್ಜ್. ಎಲ್ಲರೂ ಮುಂದಿನ ಪುಟ ಓದುತ್ತಾರೆ, ನಾನು ಮೊದಲು ಹಿಂದಿನದು ಓದಿ ಅನ್ನುತ್ತೇನೆ. ಛಾಪಾ ಕಾಗದ ಮಾರಿದವನ ಟಿಪ್ಪಣಿ ಅಲ್ಲಿರುತ್ತದೆ: ಕ್ರಮಸಂಖ್ಯೆ, ತಾರೀಕು, ಯಾರಿಗೆ ಮಾರಿದ್ದು. ನಮ್ಮ ಪತ್ರದ ಹಿಂದೆ ಇದ್ದ ಹೆಸರು ಮುತ್ತಾತನದಲ್ಲ. ಮುತ್ತಜ್ಜಿಯದು.

ಮುಂದೆ ಓದಿದರೆ ಕೊಂಡವಳೂ ಅವಳೇ. ಇಂಥವರ ಹೆಂಡತಿ ಅಂತ ಮುತ್ತಾತ ಒಂದು ವಿಶೇಷಣವಾಗಿ ಮಾತ್ರ ಬರುತ್ತಾರೆ. ರುಜು ಇರಬೇಕಾದ ಕಡೆ ಎಡಗೈ ಹೆಬ್ಬೆಟ್ಟು. ಅಡ್ಡ ಬೆಳಕು ಬೇಕಾಗಲೇ ಇಲ್ಲ, ಗೆರೆಗಳೆಲ್ಲಾ ಸ್ಪಷ್ಟ. ನಡುವೆ ಓರೆಯಾಗಿ ಒಂದು ಬಿಳಿ ಗೀರು, ಹಳೇ ಗಾಯದ್ದು. "ಹುಲ್ಲು ಕೊಯ್ಯೋ ಕುಡುಗೋಲು" ಅಂದರು ಅತ್ತೆ, ನೋಡಿದ ಕೂಡಲೇ. ಅವರಿಗೆ ಅವರ ಅಜ್ಜಿ ಹೇಳಿದ್ದಂತೆ.

ಆಮೇಲೆ ರಸೀದಿಗಳು ಅರ್ಥವಾದವು. ಮನೆತೆರಿಗೆ ಜೊತೆಗೆ ಹಸು ಕಟ್ಟುವ ಕೊಟ್ಟಿಗೆಯ ಲೈಸೆನ್ಸಿಗೆ ಕಟ್ಟಿದ ದುಡ್ಡು, ರೂಪಾಯಿ ಆಣೆ ಪೈ ಮೂರು ಕಲಮಿನಲ್ಲಿ. ಅದೂ ಅವಳ ಹೆಸರಿನಲ್ಲೇ. ಗಂಡ ಬಂಗಲೆಯಿಂದ ಬಂಗಲೆಗೆ, ರೆಜಿಮೆಂಟು ಬದಲಾದಂತೆ ಕೆಲಸ ಹುಡುಕುತ್ತಾ ಇದ್ದ ಕಾಲದಲ್ಲಿ ಹಾಲು ಮಾರಿ ಮನೆ ಕೊಂಡವಳು ಅವಳು. ಇಷ್ಟು ದಿನ ನಮ್ಮ ಮನೆಯ ಕತೆಗಳಲ್ಲಿ ಅವಳಿಗೆ ಒಂದು ಸಾಲೂ ಇರಲಿಲ್ಲ. ಚರ್ಚಿಲ್‌ಗೆ ಇತ್ತು.

"ಸಾಲಗಾರರು ಮುಟ್ಟಬಾರದು ಅಂತ ಅವಳ ಹೆಸರಿಗೆ ಮಾಡ್ಸಿರ್ತಾರೆ" ಅಂತ ದೊಡ್ಡಪ್ಪನ ವಾದ. ಆಗಿರಬಹುದು. ಆದರೆ ಕೊಟ್ಟಿಗೆ ಲೈಸೆನ್ಸು ಯಾವ ಸಾಲಗಾರನಿಗೆ ಹೆದರಿ ಮಾಡಿಸಿದ್ದು?

ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಹೀಗಿದೆ: ಪೂರ್ವಕ್ಕೆ ಒಬ್ಬ ದರ್ಜಿಯ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಕನ್ಸರ್ವೆನ್ಸಿ ಲೇನ್, ದಕ್ಷಿಣಕ್ಕೆ ಖಾಲಿ ನಿವೇಶನ. ವಿಭಾಗ ಈಸ್ಟ್ ಜನರಲ್ ಬಜಾರ್. ಕನ್ಸರ್ವೆನ್ಸಿ ಲೇನ್ ಅಂದರೆ ಮನೆಗಳ ಹಿಂದೆ ಮಲ ಸಾಗಿಸುವವರು ಓಡಾಡುತ್ತಿದ್ದ ಸಂದು. ಮನೆ ಬಿದ್ದು ಹೊಸ ಮನೆ ಏಳುತ್ತದೆ, ರಸ್ತೆ ಹೆಸರು ಬದಲಾಗುತ್ತದೆ, ಈ ಸಂದು ಮಾತ್ರ ಅಲ್ಲೇ ಇರುತ್ತದೆ.

ಪತ್ರದ ಕೊನೆಯಲ್ಲಿ ನೋಂದಣಿಯ ವಿವರ: ಒಂದನೇ ಪುಸ್ತಕ, ಸಂಪುಟ, ಪುಟ. ಒಂದನೇ ಪುಸ್ತಕ ಸ್ಥಿರಾಸ್ತಿಯದು. ಅದಕ್ಕೆ ಎರಡು ಸೂಚಿ ಇರಬೇಕು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಮೊದಲನೆಯದು ಹೆಸರಿನ ಪ್ರಕಾರ, ಎರಡನೆಯದು ಆಸ್ತಿಯ ಪ್ರಕಾರ. ಹೆಸರಿನ ಕಾಗುಣಿತ ಹತ್ತು ತರಹ ಇರುವಾಗ ಎರಡನೇ ಸೂಚಿಯೇ ಗತಿ. ಒಂದು ಕಚೇರಿಯಲ್ಲಿ ಅಂಥ ಸೂಚಿಯೇ ಇಲ್ಲ ಅಂದರು. ಕಾಯ್ದೆಯ ಕಲಂ 55 ಪ್ರಿಂಟ್ ಹಾಕಿಸಿಕೊಂಡು ಹೋದ ಮೇಲೆ ಹುಡುಕಿ ನೋಡೋಣ ಅಂದರು.

ನಕಾಶೆ ಮೇಲೆ ಕೂರಿಸಿದ್ದು

ದಂಡಿನ ಹಳೇ ನಕಾಶೆಯೊಂದರ ಸ್ಕ್ಯಾನ್ ತಗೊಂಡು, ನಕಾಶೆ ಕೆಲಸದ ತಂತ್ರಾಂಶವಾದ ಕ್ಯೂಜಿಐಎಸ್‌ನ ಜಿಯೊರೆಫರೆನ್ಸರ್‌ನಲ್ಲಿ ಇವತ್ತಿನ ನಕಾಶೆಯ ಮೇಲೆ ಕೂರಿಸಿದೆ. ಆಗಲೂ ಈಗಲೂ ಅಲ್ಲೇ ಇರುವ ಗುರುತುಗಳು ಬೇಕು. ಪೆರೇಡ್ ಮೈದಾನದ ಆಚೆ ತುದಿಯ ಹೋಲಿ ಟ್ರಿನಿಟಿ ಚರ್ಚ್, ಈ ತುದಿಯ ಸೇಂಟ್ ಮಾರ್ಕ್ಸ್, ಮೇಯೊ ಹಾಲ್, ಸೇಂಟ್ ಮೇರಿ ಬೆಸಿಲಿಕಾ, ಹಲಸೂರು ಸೋಮೇಶ್ವರ ದೇವಸ್ಥಾನ. ಹಲಸೂರು ಕೆರೆಯ ದಡ ಹಿಡಿಯಬೇಡಿ, ಕೆರೆಯ ಅಂಚು ನಂಬುವಂಥದ್ದಲ್ಲ. ದಂಡು ರೈಲ್ವೆ ಸ್ಟೇಷನ್ನೂ ಅಷ್ಟೇ. 1864ರಲ್ಲಿ ಜೋಲಾರಪೇಟೆ ರೈಲು ಬಂದಾಗಿನ ಜಾಗವೇ ಆದರೂ ಕಟ್ಟಡ ಯಾವ ಕಾಲದ್ದು ಅಂತ ನಕಾಶೆಗೆ ಗೊತ್ತಿರಲ್ಲ. ನನ್ನ ಸ್ಕ್ಯಾನು ಮಡಿಚಿಟ್ಟಿದ್ದ ಕಾಗದದ್ದು, ಮಡಿಕೆ ಮಡಿಕೆಗೂ ಒಂದೊಂದು ಕಡೆ ಎಳೆದಿತ್ತು. ಅದಕ್ಕೆ ನಕಾಶೆಯನ್ನು ಜಾಗ ಜಾಗಕ್ಕೆ ಬೇರೆ ಬೇರೆಯಾಗಿ ಎಳೆದು ಕೂರಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಆಯ್ಕೆ ಸರಿಹೋಯಿತು. ಗುರುತುಗಳು ಜಾಸ್ತಿ ಬೇಕಾಗುತ್ತವೆ ಅಷ್ಟೇ.

ಬೀದಿ ಹೆಸರುಗಳಿಗೆ ಬೇರೆ ಪಟ್ಟಿ. ಸೌತ್ ಪೆರೇಡ್ ಈಗ ಎಂ.ಜಿ. ರೋಡ್, ಕ್ಯಾವಲ್ರಿ ರೋಡ್ ಈಗ ಕಾಮರಾಜ್ ರೋಡ್, ಬ್ಲ್ಯಾಕ್‌ಪಲ್ಲಿ ಈಗ ಶಿವಾಜಿನಗರ. ಇನ್ನೂ ಒಂದು ವಿಷಯ ನೆನಪಿಡಬೇಕು. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಬೀದಿಗಳನ್ನು ಕೆಡವಿದರು, ಜನರನ್ನು ಆಚೆಗೆ ಕಳಿಸಿದರು, ಫ್ರೇಜರ್ ಟೌನ್‌ನಂಥ ಹೊಸ ಬಡಾವಣೆಗಳು ಎದ್ದವು. ನಕಾಶೆ ಪ್ಲೇಗಿನ ಮೊದಲಿನದೋ ನಂತರದ್ದೋ ನೋಡದೆ ಬಳಸಿದರೆ ಇಲ್ಲದ ಬೀದಿಯಲ್ಲಿ ಅಲೆಯಬೇಕಾಗುತ್ತದೆ. ನಮ್ಮ ಪತ್ರದ 'ಖಾಲಿ ನಿವೇಶನ' ಕೆಡವಿದ ಮನೆಯದ್ದಿರಬಹುದು. ಮುನಿಸಿಪಲ್ ಕಡತ ನೋಡಿ ತೀರ್ಮಾನಿಸಬೇಕು.

ನಕಾಶೆಯನ್ನು ಮೊಬೈಲಿಗೆ ಹಾಕಿಕೊಂಡು ಹೋದೆ. ಬೆಳಿಗ್ಗೆ ಬೇಗ, ಅಂಗಡಿ ತೆಗೆಯೋ ಮೊದಲು. ಪಶ್ಚಿಮಕ್ಕೆ ರಸ್ತೆ ಇದೆ. ಉತ್ತರಕ್ಕೆ ಸಂದು ಇದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು ಅಷ್ಟು ಅಗಲ, ಈಗ ಮೇಲೆಲ್ಲಾ ಕೇಬಲ್ ಜೋತಾಡುತ್ತಿದೆ. ನಡುವೆ ಮೂರಂತಸ್ತಿನ ಕಟ್ಟಡ, ಕೆಳಗೆ ಬ್ಯಾಗಿನ ಅಂಗಡಿ. ಪೂರ್ವದ ಮನೆಯ ಯಜಮಾನರನ್ನು ಮಾತಾಡಿಸಿದೆ. ಅವರು ಬಂದು ಮೂವತ್ತು ವರ್ಷವಾಯಿತಂತೆ, ಕೊಂಡದ್ದು ಒಬ್ಬ ಟೈಲರ್ ಕುಟುಂಬದಿಂದಂತೆ. ಅವರ ಹಳೇ ಪತ್ರಗಳ ಪ್ರತಿ ತೋರಿಸೋಕೆ ಒಪ್ಪಿದ್ದಾರೆ. ಪಕ್ಕದ ಮನೆಯ ಚಕ್ಕುಬಂದಿಯಲ್ಲಿ 'ಪಶ್ಚಿಮಕ್ಕೆ' ಯಾರ ಹೆಸರಿರುತ್ತದೆ ಹೇಳಿ? ಅದಕ್ಕೇ ಕಾಯುತ್ತಿದ್ದೇನೆ.

ಸದ್ಯಕ್ಕೆ

ಪಟ್ಟಿಯಲ್ಲಿ ಒಂದೊಂದು ಸಂಗತಿಗೂ ಒಂದು ಸಾಲು: ಕಾಗದದ ನಂಬರು, ಕಾಗದದ ಮೇಲಿನ ತಾರೀಕು, ಆಗಿನ ಜಾಗದ ಹೆಸರು, ಈಗಿನದು, ಎಷ್ಟು ಗಟ್ಟಿ. ಬಾಯಿಮಾತಿಗೆ ಬೇರೆ ಕಲಮು, ಹೇಳಿದವರ ಹೆಸರು ಸಮೇತ. ಅತ್ತೆಯ ಕುಡುಗೋಲು ಅಲ್ಲಿದೆ. ಚರ್ಚಿಲ್ಲೂ ಅಲ್ಲೇ ಇದ್ದಾನೆ. ದೊಡ್ಡಪ್ಪ ತೆಗೆಯೋಕೆ ಬಿಡಲಿಲ್ಲ.

1912ರ ಪತ್ರಕ್ಕೆ ಹಿಂದಿನ ಪತ್ರದ ಸರ್ಟಿಫೈಡ್ ಕಾಪಿಗೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿದ್ದೇನೆ. ಮಾರಿದವರು ಯಾರು, ಪ್ಲೇಗಿಗೆ ಮೊದಲೇ ಅಲ್ಲಿದ್ದರೇ ಅನ್ನೋದು ಅದರಲ್ಲಿ ತಿಳಿಯಬೇಕು. ಅಷ್ಟರಲ್ಲಿ ಮುತ್ತಜ್ಜಿಯ ತವರಿನ ಕಡೆಯವರನ್ನು ಹುಡುಕುತ್ತಿದ್ದೇನೆ. ಅವರ ಅಟ್ಟದ ಮೇಲೂ ಏನಾದರೂ ಇರಬೇಕಲ್ವಾ.